ಗಂಟೆ ಹೊಡೆದರೆ ಮೊಟ್ಟೆ ಚೂರು

ಜೂನ್ ೩

ನಾಯಿ ತರಬೇತಿ ಶಾಲೆಯ ಮುಖ್ಯಸ್ಥರಿಗೆ,

ಮಾನ್ಯರೇ,

ಈ ಪತ್ರವನ್ನು ನಾನು ಒಬ್ಬ ಗ್ರಾಹಕನಾಗಿ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ತಾವು ಬ್ಯಾಂಕಿನ ಕೆಲಸ ಬಿಟ್ಟು ಈ ಶಾಲೆ ತೆರೆದಾಗ ನಾನು ಆಡಿದ ಮಾತಿಗೂ, ಆಮೇಲೆ ಫೋನು ಕುಕ್ಕಿದ್ದಕ್ಕೂ ಈ ಪತ್ರಕ್ಕೂ ಏನೇನೂ ಸಂಬಂಧವಿಲ್ಲ. ಅಪ್ಪ ಮಗಳ ವಿಚಾರ ಬೇರೆ, ವ್ಯವಹಾರ ಬೇರೆ. ತಮ್ಮಲ್ಲಿ ಅಂಚೆಯ ಮೂಲಕವೂ ಪಾಠ ಹೇಳಿಕೊಡುತ್ತಾರೆಂದು ನನ್ನ ಅಕ್ಕ ಹೇಳಿದಳು. ಅಕ್ಕ ಎಂದರೆ, ತಾಯಿಯಿಲ್ಲದ ತಮ್ಮನ್ನು ಸಾಕಿ ಬೆಳೆಸಿದ ಸೋದರತ್ತೆ. ತಮಗೆ ಪರಿಚಯವಿರಬಹುದು.

ವಿಷಯಕ್ಕೆ ಬರುತ್ತೇನೆ. ಅಕ್ಕ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆರೈಕೆ ಕೇಂದ್ರದಲ್ಲಿದ್ದಾಳೆ. ಅಕ್ಟೋಬರಿನವರೆಗೆ ಮನೆಗೆ ಕಳಿಸುವುದಿಲ್ಲವಂತೆ. ಅವಳ ನಾಯಿ ನನ್ನ ಕೊರಳಿಗೆ ಬಿದ್ದಿದೆ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು, ತಳಿ ಯಾವುದೋ ದೇವರಿಗೇ ಗೊತ್ತು. ಅಕ್ಕ ಅದನ್ನು ‘ಮಹಾರಾಜ’ ಎಂದು ಕರೆಯುತ್ತಾಳೆ. ಅದೂ ಹಾಗೇ ನಡೆದುಕೊಳ್ಳುತ್ತದೆ.

ನನ್ನದು ಒಂದು ಕೋಣೆಯ ಅಂಗಡಿ, ಅದರ ಹಿಂದೆಯೇ ಮನೆ. ತಮಗೆ ನೆನಪಿಲ್ಲದಿದ್ದರೂ ಅಡ್ಡಿಯಿಲ್ಲ. ಗೋಡೆಯ ಮೇಲೆ ಗಂಟೆ ಹೊಡೆಯುವ ಗಡಿಯಾರಗಳು ಇಪ್ಪತ್ತಮೂರಿವೆ. ರಿಪೇರಿ ಮಾಡಿದವನು ನಾನಾದ್ದರಿಂದ ಇಪ್ಪತ್ತಮೂರೂ ಒಂದೇ ಕ್ಷಣಕ್ಕೆ ಹೊಡೆಯುತ್ತವೆ. ಅದೇ ಕ್ಷಣಕ್ಕೆ ಈ ನಾಯಿಯೂ ಬೊಗಳುತ್ತದೆ. ಮೂರು ಗಂಟೆಗೆ ಮೂರು ಸಲ, ಹತ್ತು ಗಂಟೆಗೆ ಹತ್ತು ಸಲ. ಎಣಿಕೆಯಲ್ಲಿ ಇದುವರೆಗೆ ತಪ್ಪಿಲ್ಲ.

ಕೆಳಗಡೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿದೆ. ಹೋದ ಮಂಗಳವಾರ ಹನ್ನೊಂದು ಗಂಟೆಗೆ ಅವರು ಒಬ್ಬ ರೋಗಿಯ ಬಾಯಲ್ಲಿ ಬೆರಳಿಟ್ಟಿದ್ದರಂತೆ. ಮೇಲೆ ಮಹಾರಾಜ ಶುರು ಮಾಡಿದ್ದೇ ತಡ, ರೋಗಿ ಬೆಚ್ಚಿ ಬಾಯಿ ಮುಚ್ಚಿಬಿಟ್ಟ. ಕಚ್ಚಿದ್ದು ರೋಗಿ, ಬೈಸಿಕೊಂಡಿದ್ದು ನಾನು. ಗ್ರಹಚಾರಕ್ಕೆ ಈ ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ. ಬ್ಯಾಂಡೇಜು ಸುತ್ತಿದ ಬೆರಳನ್ನು ನನ್ನ ಮೂಗಿನ ಮುಂದೆ ಆಡಿಸುತ್ತಾ, “ನೋಡ್ರೀ, ಆಗಸ್ಟ್ ಇಪ್ಪತ್ನಾಲ್ಕು, ಭಾನುವಾರ, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಬರ್ತೀನಿ. ಹನ್ನೆರಡು ಗಂಟೆ ಹೊಡೀಬೇಕು, ನಾಯಿ ಒಂದು ಸಲಾನೂ ಬೊಗಳ್‌ಬಾರ್ದು. ಬೊಗಳ್ತೋ, ಅವತ್ತೇ ಅದು ಈ ಕಟ್ಟಡದಿಂದ ಹೊರಗೆ,” ಎಂದರು.

ಈ ನಾಯಿಯನ್ನು ಬೇರೆ ಯಾರಿಗೋ ದಾಟಿಸಿದೆ ಎಂದು ಗೊತ್ತಾದರೆ ಅಕ್ಕ ಮುರಿದ ಸೊಂಟದಲ್ಲೇ ಎದ್ದು ಬಂದು ನನ್ನನ್ನು ವಿಚಾರಿಸಿಕೊಳ್ಳುತ್ತಾಳೆ. ಆದ್ದರಿಂದ ಪಾಠ ಬೇಗ ಕಳಿಸತಕ್ಕದ್ದು.

ಇತಿ,
ಒಬ್ಬ ಗ್ರಾಹಕ
(ಗಡಿಯಾರ ರಿಪೇರಿ)


ಜೂನ್ ೯

ಮಾನ್ಯ ಗ್ರಾಹಕರೇ,

ತಮ್ಮ ಪತ್ರ ತಲುಪಿತು. “ನಾಯಿಗೆ ಪಾಠ ಹೇಳೋಳು ನನ್ನ ಮಗಳು ಅಂತ ಯಾರ ಹತ್ರಾನೂ ಹೇಳ್ಬೇಡ” ಎಂದು ತಾವು ಹಿಂದೆ ಆಡಿದ ಮಾತನ್ನು ನಮ್ಮ ಶಾಲೆ ಬೇರೆ ಕಡತದಲ್ಲಿಟ್ಟಿದೆ. ತಾವು ಬಯಸಿದಂತೆ ಸದ್ಯಕ್ಕೆ ಆ ಕಡತ ತೆರೆಯುವುದಿಲ್ಲ.

ತಮ್ಮ ಅಕ್ಕನವರ ಪರಿಚಯ ನಮಗೆ ಚೆನ್ನಾಗಿಯೇ ಇದೆ. ವಾರಕ್ಕೆರಡು ಸಲ ಮಾತಾಡುತ್ತೇವೆ. ತಾವು ನಾಯಿಗೆ ಏನೇನು ಬೈದಿರಿ ಎಂಬುದೂ ನಮಗೆ ಆಗಾಗ ಗೊತ್ತಾಗುತ್ತಿರುತ್ತದೆ. ‘ಮುಠ್ಠಾಳ’ ಎಂದರೆ ನಾಯಿಗೆ ಅರ್ಥವಾಗುವುದಿಲ್ಲ. ಬರೀ ದನಿ ಜೋರಾದದ್ದು ಗೊತ್ತಾಗುತ್ತದೆ.

ಮೊದಲು ನಮಗೊಂದು ಮಾಹಿತಿ ಬೇಕು. ನಾಯಿ ಬೊಗಳಿದ ಕೂಡಲೇ ತಾವು ಏನು ಮಾಡುತ್ತೀರಿ? ಒಂದು ದಿನದ್ದು ಪೂರ್ತಿ ಬರೆದು ಕಳಿಸಿ. ಮುಚ್ಚುಮರೆ ಬೇಡ.

ಇತಿ,
ಮುಖ್ಯಸ್ಥೆ


ಜೂನ್ ೧೫

ಮಾನ್ಯರೇ,

ಕೇಳಿದ ಮಾಹಿತಿ:

ಬೆಳಿಗ್ಗೆ ೯ ಗಂಟೆ. ಗಡಿಯಾರ ಒಂಬತ್ತು ಹೊಡೆಯಿತು, ನಾಯಿ ಒಂಬತ್ತು ಬೊಗಳಿತು. ಮುಗಿದು ಎರಡು ಸೆಕೆಂಡಿಗೆ ಒಂದು ಬಿಸ್ಕತ್ತು ಬಾಯಿಗೆ ತುರುಕಿದೆ. ಸುಮ್ಮನಾಯಿತು.

೧೦ ಗಂಟೆ. ಹತ್ತು ಬೊಗಳು. ಬಿಸ್ಕತ್ತು. ಸುಮ್ಮನಾಯಿತು.

೧೧ ಗಂಟೆ. ಬಿಸ್ಕತ್ತು ಮುಗಿದಿತ್ತು. ಹನ್ನೊಂದು ಬೊಗಳಿ, ನನ್ನ ಮುಖ ನೋಡಿ, ಹನ್ನೆರಡನೆಯದನ್ನೂ ಬೊಗಳಿತು. ಓಡಿಹೋಗಿ ಬಿಸ್ಕತ್ತು ತಂದೆ. ಸುಮ್ಮನಾಯಿತು.

ಉಳಿದ ದಿನವೂ ಇದೇ. ಬಿಸ್ಕತ್ತು ಕೊಟ್ಟರೆ ತಕ್ಷಣ ಸುಮ್ಮನಾಗುತ್ತದೆ. ಅಂದಮೇಲೆ ನನ್ನ ಪದ್ಧತಿಯಲ್ಲಿ ದೋಷವಿಲ್ಲ. ದೋಷವಿರುವುದು ನಾಯಿಯಲ್ಲಿ.

ಇತಿ,
ಗ್ರಾಹಕ


ಜೂನ್ ೨೧

ಮಾನ್ಯ ಗ್ರಾಹಕರೇ,

ತಮ್ಮ ಪತ್ರವನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಮ್ಮ ಸಹಾಯಕಿ ನಗುತ್ತಾ ಕುರ್ಚಿಯಿಂದ ಬೀಳುವುದೊಂದು ಬಾಕಿ.

ಬೊಗಳುವುದನ್ನು ಮಹಾರಾಜನಿಗೆ ಕಲಿಸಿದವರು ತಾವೇ. ಮೊದಲ ದಿನ ಅವನು ಹೆದರಿ ಬೊಗಳಿರಬೇಕು. ಪಾಪ, ಇಪ್ಪತ್ತಮೂರು ಗಡಿಯಾರ ಒಟ್ಟಿಗೆ ಹೊಡೆದರೆ ಯಾರು ತಾನೇ ಹೆದರುವುದಿಲ್ಲ? ತಾವು ಬಿಸ್ಕತ್ತು ಕೊಟ್ಟಿರಿ. ಗಂಟೆ ಹೊಡೆದಾಗ ಬೊಗಳುವುದು ತನ್ನ ಕೆಲಸ, ಬಿಸ್ಕತ್ತು ಅದಕ್ಕೆ ಸಿಗುವ ಬಹುಮಾನ ಎಂದು ಅವನು ತಿಳಿದುಕೊಂಡ. ಅವತ್ತಿನಿಂದ ಒಂದು ದಿನ ರಜೆ ಹಾಕದೆ ದುಡಿಯುತ್ತಿದ್ದಾನೆ. ಹನ್ನೊಂದಕ್ಕೆ ಹನ್ನೆರಡು ಬೊಗಳಿದ್ದು, ಬಹುಮಾನ ಎಲ್ಲಿ ಎಂದು ನೆನಪಿಸಿದ್ದು. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟು ಗಟ್ಟಿಯಾಗಿ ಪಾಠ ಕಲಿಸಿದ ಗುರುವನ್ನು ನಾನು ಈ ಎರಡು ವರ್ಷದಲ್ಲಿ ನೋಡಿಲ್ಲ.

ಈಗ ಇದನ್ನೇ ತಿರುಗಿಸಬೇಕು. ಗಂಟೆ ಹೊಡೆದಾಗ ಸುಮ್ಮನಿದ್ದರೆ ಬಹುಮಾನ. ಬಿಸ್ಕತ್ತು ಬೇಡ, ಬೇಯಿಸಿದ ಮೊಟ್ಟೆಯ ಚೂರು ಕೊಡಿ, ಕಡಲೆ ಕಾಳಿನಷ್ಟು ಸಾಕು. ಆದರೆ ಮೊಟ್ಟೆ ಬಾಯಿಗೆ ಬರುವ ಮುಂಚೆ, ಅವನು ಸುಮ್ಮನಿರುವ ಆ ಗಳಿಗೆಯಲ್ಲೇ “ಭೇಷ್!” ಎನ್ನಬೇಕು. ಒಂದು ಸೆಕೆಂಡು ಮೀರಕೂಡದು. ತಡವಾದರೆ ಯಾವುದಕ್ಕೆ ಹೊಗಳಿದರು ಎಂದು ನಾಯಿಗೆ ತಿಳಿಯುವುದಿಲ್ಲ.

ಒಂದೇ ಸಲ ಹನ್ನೆರಡು ಗಂಟೆಗೆ ಕೈಹಾಕಬೇಡಿ. ಚಿಕ್ಕ ಸದ್ದಿನಿಂದ ಶುರು ಮಾಡಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಗದರುವುದು, ಹೊಡೆಯುವುದು, ಕಿವಿ ಹಿಂಡುವುದು ನಮ್ಮ ಶಾಲೆಯಲ್ಲಿ ನಿಷಿದ್ಧ.

ಇತಿ,
ಮುಖ್ಯಸ್ಥೆ


ಜೂನ್ ೩೦

ಮಾನ್ಯರೇ,

ಗುರು ಎಂದು ಬರೆದದ್ದು ಹೊಗಳಿಕೆಯೋ ಗೇಲಿಯೋ ಎಂದು ಎರಡು ದಿನ ಯೋಚಿಸಿದೆ. ಗೇಲಿಯೇ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಸದ್ದು ಕಡಿಮೆ ಮಾಡುವುದು ನನಗೆ ಕಷ್ಟವೇ? ಇಪ್ಪತ್ತೆರಡನ್ನು ಹೊಡೆಯದಂತೆ ನಿಲ್ಲಿಸಿ, ಒಂದೇ ಗಡಿಯಾರ ಉಳಿಸಿಕೊಂಡೆ. ಅದರ ಸುತ್ತಿಗೆಯ ತಲೆಗೆ ಹತ್ತಿ ಬಟ್ಟೆಯನ್ನು ಎಂಟು ಸುತ್ತು ಸುತ್ತಿದೆ. ಮುಳ್ಳನ್ನು ಕೈಯಲ್ಲೇ ಒಂದಕ್ಕೆ ತಿರುಗಿಸಿದರೆ ‘ಡುಬ್’ ಎಂದು ಒಂದೇ ಸಲ ಮೆತ್ತಗೆ ಬಡಿಯುತ್ತದೆ. ಮಹಾರಾಜ ನೆಟ್ಟಗಿರುವ ಕಿವಿಯನ್ನು ಅಲ್ಲಾಡಿಸಿತು, ಬೊಗಳಲಿಲ್ಲ. ಮೊಟ್ಟೆ ಕೊಟ್ಟೆ. ಮೊಟ್ಟೆಯನ್ನು ಚಿಮಟದಲ್ಲಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೇ ಅಳತೆಗೆ ಕತ್ತರಿಸಿಟ್ಟಿದ್ದೇನೆ. ಕಡಲೆ ಕಾಳು ಎಂದಿರಿ, ಯಾವ ಗಾತ್ರದ ಕಡಲೆ ಎಂದು ಬರೆದಿರಲಿಲ್ಲ.

ತೊಂದರೆ ಇರುವುದು ಆ ಮಾತಿನಲ್ಲಿ. ನನಗೆ ಅದು ಬಾಯಿಗೆ ಬರುವುದಿಲ್ಲ. ಕನ್ನಡಿಯ ಮುಂದೆ ನಿಂತು ನೋಡಿದೆ. ‘ಭೇ’ ವರೆಗೆ ಬಂದು ಕೆಮ್ಮು ಬಂತು. ಮೂವತ್ತೆಂಟು ವರ್ಷದಿಂದ ‘ಮುಂದಿದೆ’, ‘ಹಿಂದಿದೆ’, ‘ನಿಂತಿದೆ’ ಎಂದು ಹೇಳಿಕೊಂಡೇ ಬದುಕಿದವನು ನಾನು. ಸರಿಯಾಗಿ ಓಡುವ ಗಡಿಯಾರವನ್ನು ನನ್ನ ಹತ್ತಿರ ಯಾರೂ ತರುವುದಿಲ್ಲ.

ಆದ್ದರಿಂದ ಬದಲಿ ವ್ಯವಸ್ಥೆ ಮಾಡಿದ್ದೇನೆ. ಹಾಳಾದ ಅಲಾರಾಂ ಗಡಿಯಾರದ ಉಕ್ಕಿನ ಪಟ್ಟಿ ತೆಗೆದು ಒಂದು ತಗಡಿನ ಡಬ್ಬಿಯೊಳಗೆ ಕೂರಿಸಿದೆ. ಒತ್ತಿದರೆ ‘ಟಿಕ್’ ಎನ್ನುತ್ತದೆ. ಟಿಕ್, ಮೊಟ್ಟೆ. ಟಿಕ್, ಮೊಟ್ಟೆ. ಎರಡು ದಿನಕ್ಕೆ ನಾಯಿಗೆ ಅರ್ಥವಾಯಿತು. ಸೆಕೆಂಡಿನ ವಿಷಯದಲ್ಲಿ ತಾವು ನನಗೆ ಎಚ್ಚರಿಕೆ ಕೊಡುವ ಅಗತ್ಯವಿರಲಿಲ್ಲ.

ಇತಿ,
ಗ್ರಾಹಕ


ಜುಲೈ ೭

ಮಾನ್ಯ ಗ್ರಾಹಕರೇ,

ಗುರು ಎಂದದ್ದು ಅರ್ಧ ಗೇಲಿ, ಅರ್ಧ ನಿಜ.

ಟಿಕ್ ಡಬ್ಬಿ ಮತ್ತು ಹತ್ತಿ ಸುತ್ತಿದ ಸುತ್ತಿಗೆಯ ಬಗ್ಗೆ ಓದಿ ನಿಜಕ್ಕೂ ಬೆರಗಾದೆ. ಇಂಥದ್ದು ನನಗೂ ಹೊಳೆದಿರಲಿಲ್ಲ. ನಮ್ಮ ಶಾಲೆಗೂ ಒಂದು ಡಬ್ಬಿ ಮಾಡಿ ಕಳಿಸಿ. ಇನ್ನು ಮೇಲೆ ಮೂರು ದಿನಕ್ಕೊಮ್ಮೆ ಬಟ್ಟೆಯ ಒಂದು ಸುತ್ತು ಬಿಚ್ಚಿ. ಬೊಗಳಿದರೆ ಬೈಯಬೇಡಿ, ಒಂದು ಸುತ್ತು ವಾಪಸು ಸುತ್ತಿ, ಅಷ್ಟೆ.

ಆದರೂ ಒಂದು ಉದಾಹರಣೆ ಹೇಳಬೇಕು ಅನ್ನಿಸುತ್ತಿದೆ. ನನಗೆ ಗೊತ್ತಿದ್ದ ಒಬ್ಬಳು ಹುಡುಗಿ ಒಂಬತ್ತು ವರ್ಷದವಳಿದ್ದಾಗ ಕೆಟ್ಟುಹೋದ ಒಂದು ಹಸಿರು ಅಲಾರಾಂ ಗಡಿಯಾರವನ್ನು ಪೂರ್ತಿ ಬಿಚ್ಚಿ, ಯಾರ ಸಹಾಯವೂ ಇಲ್ಲದೆ ಮತ್ತೆ ಜೋಡಿಸಿದಳು. ಗಡಿಯಾರ ಓಡಿತು! ಕುಣಿಯುತ್ತಾ ತಂದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಅದನ್ನು ಮರುದಿನದವರೆಗೆ ಇಟ್ಟುಕೊಂಡು ನೋಡಿ, “ದಿನಕ್ಕೆ ಎರಡು ನಿಮಿಷ ಹಿಂದೆ ಓಡ್ತಿದೆ,” ಎಂದರು. ಅಷ್ಟೇ. ಅವಳು ಆಮೇಲೆ ಒಂದು ಗಡಿಯಾರವನ್ನೂ ಮುಟ್ಟಲಿಲ್ಲ.

ಹೊಗಳದಿದ್ದರೆ ನಾಯಿಗಳೂ ಹೀಗೇ ಮಾಡುತ್ತವೆ. ಕಲಿತದ್ದನ್ನು ಬಿಟ್ಟುಬಿಡುತ್ತವೆ. ಅದಕ್ಕಾಗಿ ಬರೆದೆ.

ಇತಿ,
ಮುಖ್ಯಸ್ಥೆ


ಜುಲೈ ೩೧

ಮಾನ್ಯರೇ,

ಉತ್ತರ ತಡವಾಯಿತು. ಕೆಲಸ ಬಹಳವಿತ್ತು ಎಂದು ಬರೆಯಬಹುದು, ಆದರೆ ಅಷ್ಟೇನೂ ಇರಲಿಲ್ಲ.

ಡಬ್ಬಿ ಇದರ ಜೊತೆ ಕಳಿಸಿದ್ದೇನೆ.

ಬಟ್ಟೆ ಎಂಟರಿಂದ ಮೂರು ಸುತ್ತಿಗೆ ಇಳಿದಿತ್ತು. ಆರು ಗಂಟೆಯವರೆಗೆ ಹೊಡೆದರೂ ಮಹಾರಾಜ ಚಾಪೆಯ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದ. ನನಗೆ ದುರಾಸೆ ಹುಟ್ಟಿತು. ಹೋದ ಶುಕ್ರವಾರ ಬಟ್ಟೆ ಪೂರ್ತಿ ಬಿಚ್ಚಿ, ನಿಲ್ಲಿಸಿದ್ದ ಗಡಿಯಾರಗಳನ್ನೆಲ್ಲ ಮತ್ತೆ ಶುರು ಮಾಡಿ, ಏಕ್‌ದಂ ಹನ್ನೆರಡಕ್ಕೆ ಹಾಕಿಬಿಟ್ಟೆ. ಅವನು ಹನ್ನೆರಡಲ್ಲ, ಇಪ್ಪತ್ತು ಬೊಗಳಿದ. ಡಾಕ್ಟರು ಕೆಳಗಿನಿಂದ ಕೋಲಿನಲ್ಲಿ ಸೂರು ಕುಟ್ಟಿದರು. ನಾನು ತಲೆಕೆಟ್ಟು ಮೇಜು ಗುದ್ದಿ, “ಥೂ, ಮುಠ್ಠಾಳ! ಇಷ್ಟು ದಿನ ಕಲ್ಸಿದ್ದೆಲ್ಲ ಮಣ್ಣುಪಾಲಾಯ್ತಲ್ಲೋ!” ಎಂದು ಕೂಗಿದೆ.

ಅವನು ಬಾಲ ಮುದುರಿಕೊಂಡು ನನ್ನ ಕೆಲಸದ ಮೇಜಿನ ಕೆಳಗೆ ಹೋಗಿ ಕೂತ. ಕರೆದರೂ ಬರಲಿಲ್ಲ. ಮೊಟ್ಟೆ ತೋರಿಸಿದರೆ ಮುಖ ಆ ಕಡೆ ತಿರುಗಿಸಿದ. ಅದೇ ಮೇಜಿನ ಕೆಳಗೆ, ಅದೇ ಮೂಲೆಯಲ್ಲಿ ಹಿಂದೆ ಒಬ್ಬಳು ಹುಡುಗಿ ಹೀಗೇ ಮೊಣಕಾಲು ಮಡಚಿಕೊಂಡು ಕೂತಿರುತ್ತಿದ್ದಳು. ಆಟ ಆಡುತ್ತಿದ್ದಾಳೆ ಎಂದುಕೊಂಡಿದ್ದೆ.

ಆರು ದಿನವಾಯಿತು. ಮೇಜಿನ ಕೆಳಗಿಂದ ಬರುವುದು ಊಟಕ್ಕೆ ಮತ್ತು ಹೊರಗೆ ತಿರುಗಾಡಲು ಮಾತ್ರ. ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ದಯವಿಟ್ಟು ತಿಳಿಸಿ.

ಇತಿ,
ಗ್ರಾಹಕ


ಆಗಸ್ಟ್ ೪

ಮಾನ್ಯ ಗ್ರಾಹಕರೇ,

‘ದಯವಿಟ್ಟು’ ಎಂಬ ಪದ ತಮ್ಮ ಅಕ್ಷರದಲ್ಲಿ ನೋಡಿದ್ದು ಇದೇ ಮೊದಲು. ಎರಡು ಸಲ ಓದಿದೆ.

ನಾಯಿಯನ್ನು ಕರೆಯಬೇಡಿ. ಎಳೆಯಬೇಡಿ. ಮೇಜಿನ ಪಕ್ಕ ನೆಲದ ಮೇಲೆ ಕೂತುಕೊಳ್ಳಿ, ಮುಖ ಬೇರೆ ಕಡೆಗಿರಲಿ. ಓದಲು ಏನಾದರೂ ಹಿಡಿದುಕೊಳ್ಳಿ. ಕೈಯಲ್ಲಿ ಮೊಟ್ಟೆ ಚೂರಿರಲಿ, ಆದರೆ ಒಡ್ಡಬೇಡಿ. ತಾನಾಗಿ ಬರುತ್ತಾನೆ. ಬಂದಾಗ “ಈಗ ಬಂದ್ಯಾ” ಎನ್ನಬೇಡಿ. ಯಾಕೆ ತಡವಾಯಿತೆಂದು ಕೇಳಬೇಡಿ.

ಎಷ್ಟೇ ಮುನಿಸಿಕೊಂಡರೂ ನಾಯಿಗೆ ವಾಪಸು ಬರಬೇಕೆಂದೇ ಇರುತ್ತದೆ. ಯಾರಾದರೂ ನೆಲಕ್ಕೆ ಇಳಿದು ಕೂರಲಿ ಎಂದು ಕಾಯುತ್ತಿರುತ್ತದೆ, ಅಷ್ಟೆ.

ಮಂಡಿ ನೋವಿಗೆ ಕೆಳಗೊಂದು ದಿಂಬು ಹಾಕಿಕೊಳ್ಳಿ.

ಇತಿ,
ಮುಖ್ಯಸ್ಥೆ


ಆಗಸ್ಟ್ ೧೬

ಮಾನ್ಯರೇ,

ಕಾರ್ಡಿನಲ್ಲಿ ಜಾಗ ಕಡಿಮೆ. ದಿಂಬು ಹಾಕಿಕೊಂಡೇ ಕೂತೆ. ಎರಡನೆಯ ದಿನ ಬಂದು ತೊಡೆಯ ಮೇಲೆ ಗದ್ದ ಇಟ್ಟ. ಈಗ ಬಂದ್ಯಾ ಎನ್ನಲಿಲ್ಲ. ನಿನ್ನೆ ಇಪ್ಪತ್ತಮೂರೂ ಗಡಿಯಾರ, ಬಟ್ಟೆ ಒಂದೇ ಸುತ್ತು, ಹತ್ತು ಗಂಟೆ. ತುಟಿಪಿಟಕ್ಕೆನ್ನಲಿಲ್ಲ. ಇನ್ನು ಎಂಟು ದಿನ.

— ಗ್ರಾಹಕ


ಆಗಸ್ಟ್ ೨೪, ಭಾನುವಾರ

ಮಗಳೇ,

ಗ್ರಾಹಕ ಇವತ್ತಿಗೆ ಸತ್ತ. ಇದು ನಿನ್ನ ಅಪ್ಪ ಬರೆಯುತ್ತಿರುವ ಕಾಗದ.

ಬೆಳಿಗ್ಗೆ ಎದ್ದಾಗಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಕಂಡ ಗಡಿಯಾರಕ್ಕೆಲ್ಲ ಚಾವಿ ಕೊಟ್ಟೆ, ಒರೆಸಿದ ಗಾಜನ್ನೇ ಒರೆಸಿದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಡಾಕ್ಟರು ಸಂಘದ ಇಬ್ಬರನ್ನು ಕರೆದುಕೊಂಡು ಬಂದರು. ಬೆರಳು ಯಾವತ್ತೋ ವಾಸಿಯಾಗಿದೆ, ಆದರೂ ನನಗೆ ತೋರಿಸಲೆಂದೇ ಬ್ಯಾಂಡೇಜು ಸುತ್ತಿಕೊಂಡು ಬಂದಿದ್ದರು. ಮಹಾರಾಜ ಚಾಪೆಯ ಮೇಲೆ. ನನ್ನ ಜೇಬಿನಲ್ಲಿ ಮೊಟ್ಟೆ, ಕೈಯಲ್ಲಿ ಡಬ್ಬಿ.

ಹನ್ನೆರಡು ಹೊಡೆಯಿತು. ಇಪ್ಪತ್ತಮೂರೂ ಒಟ್ಟಿಗೆ, ಬಟ್ಟೆಗಿಟ್ಟೆ ಏನೂ ಇಲ್ಲದೆ. ಸಂಘದವರೊಬ್ಬರು ಕಿವಿ ಮುಚ್ಚಿಕೊಂಡರು. ಮಹಾರಾಜ ಮುಂಗಾಲಿನ ಮೇಲೆ ತಲೆಯಿಟ್ಟು ನನ್ನನ್ನು ನೋಡುತ್ತಾ ಮಲಗಿದ್ದ. ಜೋತುಬಿದ್ದ ಕಿವಿ ಸಹ ಅಲ್ಲಾಡಲಿಲ್ಲ. ಟಿಕ್. ಮೊಟ್ಟೆ.

“ಪರವಾಗಿಲ್ಲ ಕಣ್ರೀ, ನಾನು ಅಂದ್ಕೊಂಡಿರ್ಲಿಲ್ಲ,” ಎಂದರು ಡಾಕ್ಟರು. ಕೂತು ಸಹಿ ಹಾಕಿ ಎಂದು ಕುರ್ಚಿ ಎಳೆದುಕೊಟ್ಟೆ. ಎಳೆಯುವಾಗ ಕೈಯಲ್ಲಿದ್ದ ಡಬ್ಬಿಯನ್ನು ಅದೇ ಕುರ್ಚಿಯ ಮೇಲಿಟ್ಟೆ. ಡಾಕ್ಟರು ನೋಡದೆ ಅದರ ಮೇಲೇ ಕೂತರು. ನಾಯಿ ಇಲ್ಲೇ ಇರಬಹುದೆಂಬ ಸಂಘದ ಕಾಗದ ಬಿಡಿಸಿದರು, ಪೆನ್ನಿನ ಟೋಪಿ ತೆಗೆದರು.

ಆಗ ಹೊಡೆಯಿತು ನೋಡು, ಕರ್‌ರ್‌ರ್‌ರ್ ಎಂದು, ನನ್ನ ಮೇಜಿನ ಮೇಲಿಂದಲೇ!

ನಿನ್ನ ಹಸಿರು ಅಲಾರಾಂ ಗಡಿಯಾರ.

ಅದು ಇಷ್ಟು ವರ್ಷವೂ ನನ್ನ ಮೇಜಿನ ಮೇಲೇ ಇದೆ, ನೀನು ಇಟ್ಟ ಅಲಾರಾಂ ಹನ್ನೆರಡಕ್ಕೆ ಹಾಗೇ ಇದೆ. ದಿನಾ ಮಧ್ಯಾಹ್ನ ಅದಕ್ಕೆ ಚಾವಿ ಕೊಟ್ಟು ಸಮಯ ಸರಿ ಮಾಡುತ್ತೇನೆ. ಮರುದಿನ ಅಷ್ಟು ಹೊತ್ತಿಗೆ ಮತ್ತೆ ಎರಡು ನಿಮಿಷ ಹಿಂದಿರುತ್ತದೆ. ಅಲಾರಾಂ ಚಾವಿಯನ್ನು ಮಾತ್ರ ಯಾವತ್ತೂ ಮುಟ್ಟುತ್ತಿರಲಿಲ್ಲ. ಇವತ್ತು ಗಾಬರಿಯಲ್ಲಿ ಅದನ್ನೂ ತಿರುಗಿಸಿದ್ದೇನೆ.

ಮಹಾರಾಜನಿಗೆ ಆ ಸದ್ದು ಗೊತ್ತೇ ಇಲ್ಲ. ಧಡಕ್ಕನೆ ಎದ್ದು ನಿಂತ. ಬೆನ್ನ ಮೇಲಿನ ಕೂದಲು ನಿಮಿರಿತು, ಬಾಯಿ ಅರ್ಧ ತೆರೆಯಿತು. ಆದರೆ ಬೊಗಳುವ ಮುಂಚೆ ಅವನು ತಿರುಗಿ ನನ್ನ ಮುಖ ನೋಡಿದ. ಆ ಒಂದು ಸೆಕೆಂಡು ಇದೆಯಲ್ಲ, ಅದೇ ಗಳಿಗೆ ಎಂದು ನೀನು ಬರೆದದ್ದು. ಕೈ ನೋಡಿಕೊಂಡರೆ ಡಬ್ಬಿಯಿಲ್ಲ.

“ಭೇಷ್!” ಎಂದೆ.

ಎಷ್ಟು ಜೋರಾಗಿ ಎಂದೆನೆಂದರೆ ಡಾಕ್ಟರು ಬೆಚ್ಚಿಬಿದ್ದು ಕುರ್ಚಿಯಿಂದ ಎದ್ದೇಬಿಟ್ಟರು. ಅವರ ಭಾರ ಇಳಿದದ್ದೇ ಕೆಳಗಿದ್ದ ಡಬ್ಬಿ ‘ಟಿಕ್’ ಎಂದಿತು. ಮಹಾರಾಜ ಬಾಯಿ ಮುಚ್ಚಿ, ಬಾಲ ಆಡಿಸುತ್ತಾ ನೇರ ನನ್ನ ಜೇಬಿಗೆ ಮೂತಿ ತಂದ. ಅಲಾರಾಂ ಇನ್ನೂ ಹೊಡೆಯುತ್ತಲೇ ಇತ್ತು. ಉಳಿದ ಮೊಟ್ಟೆಯನ್ನೆಲ್ಲ ಕೊಟ್ಟುಬಿಟ್ಟೆ, ಅಳತೆಗಿಳತೆ ನೋಡಲಿಲ್ಲ.

ಡಾಕ್ಟರು ಸಹಿ ಹಾಕಿದರು. ಹೋಗುವಾಗ ನಿನ್ನ ಗಡಿಯಾರ ಕೈಗೆತ್ತಿಕೊಂಡು, “ಇದೇನ್ರೀ, ನಿಮ್ಮ ಅಂಗಡೀಲಿ ಎರಡು ನಿಮಿಷ ಹಿಂದಿರೋ ಗಡಿಯಾರ?” ಎಂದು ಕಿಚಾಯಿಸಿದರು.

“ಅದು ರಿಪೇರಿಗೆ ಬಂದಿದ್ದಲ್ಲ. ನನ್ನ ಮಗಳು ಒಂಬತ್ತು ವರ್ಷದೋಳಿದ್ದಾಗ ಜೋಡಿಸಿದ್ದು,” ಎಂದೆ.

“ಓಹೋ, ಮಗಳೂ ಇದೇ ಕೆಲ್ಸಾನಾ?”

“ಇಲ್ಲ. ನಾಯಿಗೆ ಪಾಠ ಹೇಳಿಕೊಡ್ತಾಳೆ. ಇವನಿಗೆ ಕಲಿಸಿದ್ದೂ ಅವಳೇ,” ಎಂದೆ. ಅವರು ಕೇಳದಿದ್ದರೂ ನಿನ್ನ ಶಾಲೆಯ ವಿಳಾಸ ಬರೆದುಕೊಟ್ಟೆ. ಸಂಘದವರಿಬ್ಬರಿಗೂ ಕೊಟ್ಟೆ.

ಆ ಬೇರೆ ಕಡತವನ್ನು ಈಗ ತೆರೆಯಮ್ಮ. ಅದರಲ್ಲಿರುವ ಮಾತು ತಪ್ಪು. ಆಡಿದ ದಿನವೇ ನನಗೆ ಗೊತ್ತಿತ್ತು. ಗಡಿಯಾರ ಹಿಂದೆ ಓಡುತ್ತಿದೆ ಎಂದು ಹೇಳಿದವನು, ಒಂಬತ್ತು ವರ್ಷದ ಹುಡುಗಿ ಅದನ್ನು ಓಡಿಸಿದಳಲ್ಲ ಎಂದು ಅದೇ ರಾತ್ರಿ ನಿನ್ನ ಅತ್ತೆಯ ಹತ್ತಿರ ಹೇಳಿಕೊಂಡು ಕುಣಿದಾಡಿದ್ದೆ. ನಿನ್ನ ಹತ್ತಿರ ಮಾತ್ರ ಹೇಳಲಿಲ್ಲ. ಆ ಎರಡು ನಿಮಿಷ ಸರಿಮಾಡುವುದು ನನಗೆ ಕಾಲು ಗಂಟೆಯ ಕೆಲಸ. ನೀನು ಜೋಡಿಸಿದ್ದನ್ನು ಬಿಚ್ಚಲು ಕೈ ಬರಲಿಲ್ಲ.

ಒಂದು ಸೆಕೆಂಡು ಮೀರಿದರೆ ನಾಯಿಗೆ ತಿಳಿಯುವುದಿಲ್ಲ ಎಂದು ನೀನು ಬರೆದಿದ್ದೆ. ಮಕ್ಕಳಿಗೆ ಎಷ್ಟು ತಡವಾಗಬಹುದು ಎಂದು ನಿನ್ನ ಪಾಠದಲ್ಲಿ ಎಲ್ಲೂ ಇಲ್ಲ. ಇಪ್ಪತ್ತು ವರ್ಷ ಆಗಿಹೋಗಿದೆ. ಆದರೂ ಹೇಳುತ್ತಿದ್ದೇನೆ.

ಭೇಷ್, ಮಗಳೇ.

ನಿನ್ನ,
ಅಪ್ಪ


ಆಗಸ್ಟ್ ೨೯

ಅಪ್ಪಾ,

ಕಡತ ತೆರೆದು ನೋಡಿದೆ. ಖಾಲಿಯಿತ್ತು.

ಅತ್ತೆಗೆ ನಿಮ್ಮ ಕಾಗದ ಫೋನಿನಲ್ಲಿ ಓದಿದೆ. ಡಾಕ್ಟರು ಎದ್ದುನಿಂತ ಜಾಗಕ್ಕೆ ಬಂದಾಗ ಅತ್ತೆ ನಗು ತಡೆಯಲಾರದೆ, “ಅಯ್ಯೋ ನಿಲ್ಸೇ, ನನ್ನ ಸೊಂಟ!” ಎಂದು ಕೂಗಿದರು. ದಾದಿ ಓಡಿ ಬಂದಳಂತೆ. ಆ ರಾತ್ರಿ ನೀವು ಕುಣಿದದ್ದು ನಿಜವೇ ಎಂದು ಕೇಳಿದೆ. “ಕುಣಿದಾಡಿ ದೀಪದ ಗಾಜು ಒಡ್ದಿದ್ದ,” ಎಂದರು. ನನಗೆ ಯಾಕೆ ಹೇಳಲಿಲ್ಲ ಎಂದರೆ, “ನಿಮ್ಮಪ್ಪ ಬಾಯ್ಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ ಕಣೇ,” ಎನ್ನುತ್ತಾರೆ. ಇಬ್ಬರೂ ಸೇರಿಯೇ ನನ್ನ ಜೀವ ತಿಂದಿದ್ದೀರಿ.

ನಿಮ್ಮ ಪ್ರಶ್ನೆಗೆ ಉತ್ತರ: ಮಕ್ಕಳು ನಾಯಿಗಳಂತಲ್ಲ. ಇಪ್ಪತ್ತು ವರ್ಷವಾದರೂ ಯಾವುದಕ್ಕೆ ಹೊಗಳಿದರು ಎಂದು ಅವರಿಗೆ ತಟ್ಟನೆ ತಿಳಿಯುತ್ತದೆ. ಕಾಗದ ಓದಿ ಅರ್ಧ ದಿನ ಯಾವ ನಾಯಿಗೂ ಪಾಠ ಹೇಳಲಾಗಲಿಲ್ಲ. ಅತ್ತುಬಿಟ್ಟೆ ಅಪ್ಪಾ. ಸಹಾಯಕಿ ಬಂದು ಮೊಟ್ಟೆ ಚೂರು ಕೊಟ್ಟಳು.

ಸೆಪ್ಟೆಂಬರ್ ೭ರ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರುತ್ತಿದ್ದೇನೆ. ಎರಡು ವರ್ಷದ ಮೇಲೆ ಬಾಗಿಲಲ್ಲಿ ನನ್ನನ್ನು ನೋಡಿದಾಗ ನಿಮಗೆ ಮತ್ತೆ ಕೆಮ್ಮು ಬರಬಹುದು. ಬಂದರೆ ಬರಲಿ, ಮಾತಿಗಾಗಿ ಒದ್ದಾಡಬೇಡಿ. ಡಬ್ಬಿ ಒತ್ತಿ ಸಾಕು, ನನಗೆ ಅರ್ಥವಾಗುತ್ತದೆ.

ಮೊಟ್ಟೆ ಮಾತ್ರ ಮರೆಯಬೇಡಿ.

ನಿಮ್ಮ,
ಮಗಳು